ನೂರ್ ಇನಾಯತ್ ಖಾನ್: ಅವಳನ್ನ ಕಳಿಸಿದ್ದು ತಪ್ಪೋ, ಅವಳ ರೇಡಿಯೋನ ನಂಬಿದ್ದು ತಪ್ಪೋ?

ಕೆರೆಏರಿ
ಎಲ್ರಿಗೂ ನಮಸ್ಕಾರ. ಮೊನ್ನೆ ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಅದೇ ಫಾರ್ವರ್ಡ್ ಬಂತು, "ಟಿಪ್ಪು ಮೊಮ್ಮಗಳು ಹಿಟ್ಲರನ್ನ ನಡುಗಿಸಿದ ಕಥೆ" ಅಂತ, ಜೊತೆಗೆ ಸಂಬಂಧಾನೇ ಇಲ್ಲದ ಯಾರದೋ ಫೋಟೋ. ನಾನು ಹೈಸ್ಕೂಲಲ್ಲಿ ಸಮಾಜ ಹೇಳ್ಕೊಡೋನು, ಇಬ್ಬರು ಹುಡುಗೀರು ಅದನ್ನೇ ಗೋಡೆಪತ್ರಿಕೆಗೆ ನೀಟಾಗಿ ಬರ್ಕೊಂಡು ಬಂದ್ರು, ಸರ್ ಇದು ನಿಜಾನಾ ಅಂತ ಕೇಳಿದ್ರು. ಹೌದು ಅಂತಾನೂ ಅನ್ನೋಕಾಗ್ಲಿಲ್ಲ, ಇಲ್ಲ ಅಂತಾನೂ ಅನ್ನೋಕಾಗ್ಲಿಲ್ಲ. ಅವತ್ತಿಂದ ಎರಡು ವಾರ ಕೂತು ಓದಿದೀನಿ, ಓದಿದಷ್ಟೂ ಹೊಟ್ಟೇಲಿ ಸಂಕಟ ಆಗ್ತಿದೆ, ಅದಕ್ಕೇ ಇಲ್ಲಿ ಬರೀತಿದೀನಿ.

ಚುಟುಕಾಗಿ: ನೂರ್ ಹುಟ್ಟಿದ್ದು 1914ರ ಜನವರಿ 1, ಮಾಸ್ಕೋದಲ್ಲಿ. ಅಪ್ಪ ಸೂಫಿ ಗುರು, ಸಂಗೀತಗಾರ ಇನಾಯತ್ ಖಾನ್, ಅಮ್ಮ ಅಮೆರಿಕದವರು, ಓರಾ ರೇ ಬೇಕರ್. ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ. ಅಪ್ಪ 1927ರಲ್ಲಿ ತೀರ್ಕೊಂಡ್ರು, ಅಮ್ಮ ಆ ದುಃಖದಿಂದ ಮೇಲೇಳಲೇ ಇಲ್ಲ, ಹದಿಮೂರು ವರ್ಷದ ಹುಡುಗಿ ತಮ್ಮ ತಂಗೀನ ನೋಡ್ಕೊಂಡ್ಳು. ಮಕ್ಕಳ ಮನಶ್ಶಾಸ್ತ್ರ ಓದಿದ್ಳು, ಹಾರ್ಪ್ ಕಲಿತ್ಳು, ಜಾತಕ ಕಥೆಗಳನ್ನ ಮಕ್ಕಳಿಗೆ ಅಂತ ಇಂಗ್ಲಿಷಲ್ಲಿ ಬರೆದ್ಳು, 1939ರಲ್ಲಿ ಪುಸ್ತಕ ಬಂತು. ಮರುವರ್ಷ ಜರ್ಮನ್ನರು ಪ್ಯಾರಿಸ್ಸಿಗೆ ಬಂದಾಗ ಮನೆಮಂದಿ ಇಂಗ್ಲೆಂಡಿಗೆ ಓಡಿದ್ರು, ಅಲ್ಲಿ ವಾಯುಪಡೆಯ ಮಹಿಳಾ ದಳ ಸೇರಿ ವೈರ್‌ಲೆಸ್ ಕಲಿತ್ಳು. ಆಮೇಲೆ ಎಸ್‌ಒಇ. ಶತ್ರು ಹಿಡಿದಿರೋ ದೇಶಗಳ ಒಳಗೆ ಏಜೆಂಟರನ್ನ ಇಳಿಸಿ ಸೇತುವೆ, ರೈಲು, ಕಾರ್ಖಾನೆ ಹಾಳು ಮಾಡಿಸೋಕೆ ಅಂತಾನೇ ಬ್ರಿಟನ್ 1940ರಲ್ಲಿ ಕಟ್ಟಿದ ಗುಪ್ತ ಸಂಸ್ಥೆ ಅದು.

ನನ್ನ ಪ್ರಶ್ನೆ ಇಷ್ಟೇ. ತರಬೇತಿ ಕೊಟ್ಟವರೇ ಕೊನೇ ರಿಪೋರ್ಟಲ್ಲಿ ಈಕೆ ಶ್ರಮಪಡ್ತಾಳೆ, ಆದ್ರೆ ಬುದ್ಧಿ ಅಷ್ಟಕ್ಕಷ್ಟೇ, ಮನಸ್ಸು ಸ್ಥಿರ ಇಲ್ಲ, ಈ ಕೆಲಸಕ್ಕೆ ಸರಿಹೋಗೋದು ಅನುಮಾನ ಅಂತ ಬರೆದಿದ್ರು. ಆದ್ರೂ 1943ರ ಜೂನ್ 16ರ ರಾತ್ರಿ ಲೈಸಾಂಡರ್ ವಿಮಾನದಲ್ಲಿ ಫ್ರಾನ್ಸಿಗೆ ಕಳಿಸಿಬಿಟ್ರು. ಇದು ಸರೀನಾ?

ಮೈಸೂರು_ಸಂತೇಪೇಟೆ
ಸರ್, ಮೊದಲು ಆ "ಮೊಮ್ಮಗಳು" ಅನ್ನೋದನ್ನ ಸರಿ ಮಾಡಿಸಿ ದಯವಿಟ್ಟು. ಆ ಮನೆತನದವರು ಹೇಳ್ಕೊಂಡು ಬಂದಿರೋ ಪ್ರಕಾರ ಟಿಪ್ಪುವಿನ ಮೊಮ್ಮಗಳು ಕಾಸಿಂಬೀ. ಆಕೆಯ ಗಂಡ ದೊಡ್ಡ ಸಂಗೀತಗಾರ ಮೌಲಾ ಬಕ್ಷ್, ಅವರ ಮಗಳ ಮಗ ಇನಾಯತ್ ಖಾನ್, ಅವರ ಮಗಳು ನೂರ್. ಅಂದ್ರೆ ಮೊಮ್ಮಗಳ ಮರಿಮಗಳು.

ನಮ್ಮೂರಿನವರಿಗೆ ಇದಕ್ಕಿಂತ ಮುಖ್ಯ ಅನ್ಸೋದು ಇನ್ನೊಂದಿದೆ. ಮೌಲಾ ಬಕ್ಷ್ ಹಿಂದೂಸ್ತಾನಿ ಹಾಡ್ತಿದ್ದವರು ಮೈಸೂರು ಕಡೆ ಬಂದು ಕರ್ನಾಟಕ ಸಂಗೀತ ಕಲಿತು ಇಲ್ಲಿನ ದರ್ಬಾರಲ್ಲಿ ಗೌರವ ಪಡೆದವರು, ಆಮೇಲೆ ಬರೋಡಾದಲ್ಲಿ ಸಂಗೀತ ಶಾಲೆ ಕಟ್ಟಿದ್ರು. ಇನಾಯತ್ ಖಾನ್ ವೀಣೆ ನುಡಿಸ್ತಿದ್ರು, ನೂರ್ ವೀಣೆ ಹಿಡ್ಕೊಂಡು ಕೂತಿರೋ ಫೋಟೋ ಒಂದಿದೆ. ಆ ಫಾರ್ವರ್ಡಿನ ಫೋಟೋ ತೆಗೆದು ಗೋಡೆಪತ್ರಿಕೆಗೆ ಅದನ್ನ ಹಾಕ್ಸಿ.

ಹ್ಯಾಮ್_ಶಿವಮೊಗ್ಗ
ಸರ್, ಆ ರಿಪೋರ್ಟ್ ಬಗ್ಗೆ ಒಂದ್ಮಾತು. ನಾನು ಇಪ್ಪತ್ತು ವರ್ಷದಿಂದ ಹವ್ಯಾಸಕ್ಕೆ ಹ್ಯಾಮ್ ರೇಡಿಯೋ ಮಾಡ್ತಿದೀನಿ, ಇವತ್ತಿಗೂ ಚುಕ್ಕಿ-ಗೆರೆ ಬಡಿದು ಸುದ್ದಿ ಕಳ್ಸೋ ಮೋರ್ಸ್ ಮೇಲೆ ಪ್ರಾಣ. ಏಜೆಂಟ್ ಅಂದ ತಕ್ಷಣ ಜನಕ್ಕೆ ಪಿಸ್ತೂಲು ನೆನಪಾಗುತ್ತೆ, ಆದ್ರೆ ಆ ಇಡೀ ಜಾಲದಲ್ಲಿ ಎಲ್ರಿಗಿಂತ ಕಷ್ಟದಲ್ಲಿ ಇರ್ತಿದ್ದಿದ್ದು ವೈರ್‌ಲೆಸ್ ಆಪರೇಟರ್. ಸೂಟ್‌ಕೇಸಲ್ಲಿ ಕೂರೋ ಸೆಟ್ಟು, ಹತ್ತಿರ ಹತ್ತಿರ 15 ಕೆಜಿ, ಅದನ್ನ ಹಿಡ್ಕೊಂಡು ಮೆಟ್ರೋದಲ್ಲಿ, ಸೈಕಲ್ಲಲ್ಲಿ, ಒಂದ್ ಮನೆಯಿಂದ ಇನ್ನೊಂದ್ ಮನೆಗೆ ಹೋಗ್ಬೇಕು. ಏರಿಯಲ್ ವೈರು ಉದ್ದ ಬಿಡ್ಬೇಕು, ಹೊರಗಡೆ ಎಳೆದ್ರೆ ಕಾಣುತ್ತೆ, ಒಳಗೇ ಸುತ್ತಿದ್ರೆ ಸಿಗ್ನಲ್ ಹೋಗಲ್ಲ. ಗೊತ್ತು ಮಾಡಿದ ಟೈಮಿಗೆ ಸರಿಯಾಗಿ ಕೀ ಮೇಲೆ ಕೈ ಇಡ್ಬೇಕು. ನೀವು ಕೀ ಒತ್ತಿದ ಕ್ಷಣದಿಂದ ಸಿಗ್ನಲ್ ಎಲ್ಲಿಂದ ಬರ್ತಿದೆ ಅಂತ ಪತ್ತೆ ಹಚ್ಚೋ ಜರ್ಮನ್ನರ ಡೈರೆಕ್ಷನ್ ಫೈಂಡಿಂಗ್ ವ್ಯಾನು ಬೀದಿ ಬೀದಿ ಸುತ್ತಿ ಹತ್ರ ಬರ್ತಾ ಇರುತ್ತೆ. ಪ್ಯಾರಿಸಲ್ಲಿ ಆಪರೇಟರ್ ಒಬ್ಬ ಉಳಿಯೋದು ಆರು ವಾರ ಅಂತ ಅವರೇ ಲೆಕ್ಕ ಹಾಕಿದ್ರು.

ಈಕೆ ಹತ್ತಿರ ನಾಲ್ಕು ತಿಂಗಳು ಉಳಿದ್ಳು. ಅದೂ ಹೋಗಿ ಒಂದು ವಾರ ಆಗೋಷ್ಟರಲ್ಲಿ ಪ್ಯಾರಿಸ್ ಕಡೆ ಕೆಲಸ ಮಾಡ್ತಿದ್ದ ಎಸ್‌ಒಇ ಏಜೆಂಟರ ಪ್ರಾಸ್ಪರ್ ಜಾಲದ ಮುಖ್ಯಸ್ಥ ಫ್ರಾನ್ಸಿಸ್ ಸಟಿಲ್ ಸಿಕ್ಕಿಬಿದ್ರು, ಹಿಂದೆನೇ ಸಾಲಾಗಿ ಜನ ಅರೆಸ್ಟ್ ಆದ್ರು. ಲಂಡನ್ ವಾಪಸ್ ಬಾ ಅಂದ್ರೂ ನಾನು ಬಂದ್ರೆ ಇಲ್ಲಿಂದ ಸುದ್ದಿ ಕಳ್ಸೋರು ಯಾರು ಅಂತ ಅಲ್ಲೇ ನಿಂತ್ಳು. ಅಪಾರ್ಟ್‌ಮೆಂಟ್ ಮುಂದಿನ ಮರಕ್ಕೆ ಏರಿಯಲ್ ಕಟ್ಟೋಕೆ ಒದ್ದಾಡ್ತಿದ್ದಾಗ ಜರ್ಮನ್ ಅಧಿಕಾರಿಯೊಬ್ಬ ಬಂದು, ಹಾಡು ಕೇಳೋಕೆ ಅಂದ್ಕೊಂಡು ತಾನೇ ಕಟ್ಟಿಕೊಟ್ಟ ಅನ್ನೋ ಪ್ರಸಂಗ ಅವಳ ಜೀವನಚರಿತ್ರೆಗಳಲ್ಲಿ ಬರುತ್ತೆ. ಬುದ್ಧಿ ಅಷ್ಟಕ್ಕಷ್ಟೇ ಅಂದವರು ಆ ಮರದ ಕೆಳಗೆ ಒಂದ್ನಿಮಿಷ ನಿಂತು ನೋಡ್ಬೇಕಿತ್ತು.

ಧಾರವಾಡ_ಸಾಧನಕೇರಿ
ಅಲ್ರೀ ಸರ, ಧೈರ್ಯದ ಬಗ್ಗೆ ಯಾರದೂ ತಕರಾರಿಲ್ಲ. ಆದ್ರ ನಾ ಹೇಳೂದು ಬ್ಯಾರೆ. ಆಕೀ ಮನಿತನದಾಗ ಅಹಿಂಸಾ ಅಂದ್ರ ಉಸುರು ಇದ್ದಂಗ. ಅಕ್ಕ ತಮ್ಮ ಇಬ್ಬರೂ ಕೂತು ಮಾತಾಡಿ, ಕೊಲ್ಲೂ ಕೆಲಸ ಬ್ಯಾಡ, ಆದ್ರ ಎಲ್ಲಾರಕಿಂತ ಹೆಚ್ಚು ಅಪಾಯ ಇರೂ ಜಾಗಾದಾಗ ನಿಂದ್ರೂಣು ಅಂತ ತೀರ್ಮಾನ ಮಾಡಿದ್ರು. ಸುಳ್ಳು ಹೇಳೂದು ಅಂದ್ರ ಆಕೀಗೆ ಬರತಿದ್ದಿಲ್ಲ. ಅಂಥಾಕಿನ ಸುಳ್ಳಿನ ಮ್ಯಾಲೇ ನಿಂತಿರೂ ಕೆಲಸಕ್ಕ ಕಳಸ್ಯಾರಲ್ಲ, ಅದು ತಪ್ಪು. ಇನ್ನೊಂದು, ಆಕೀ ಕಳಿಸಿದ ಸಂದೇಶ ಎಲ್ಲಾ ಒಂದು ನೋಟ್‌ಬುಕ್ಕಿನಾಗ ಬರಕೊಂಡು ಇಟಗೊಂಡಿದ್ಳು, ಅಕ್ಟೋಬರದಾಗ ಹಿಡದಾಗ ಅದೂ ಸಿಕ್ಕಿತು. ಅದರಿಂದ ಎಷ್ಟ ಮಂದಿ ಹೋದ್ರು? ನಮಗ ಬೇಕಾದಾಕಿ ಅಂತ ಇದನ್ನ ಮುಚ್ಚಿಡಬಾರದು.

ಕೆರೆಏರಿ
ಮುಚ್ಚಿಡಲ್ಲ ಸರ್, ಮಕ್ಕಳಿಗೂ ಹೇಳ್ತೀನಿ. ಆ ನೋಟ್‌ಬುಕ್ ನನ್ನನ್ನೂ ಕಾಡಿದೆ. ಕಳಿಸೋವಾಗ ಕೊಟ್ಟ ಸೂಚನೇಲಿ ಸಂದೇಶಗಳ "ಫೈಲಿಂಗ್" ವಿಷಯದಲ್ಲಿ ತುಂಬ ಎಚ್ಚರ ಇರಲಿ ಅಂತಿತ್ತಂತೆ. ಇಂಗ್ಲಿಷ್ ಪತ್ರಿಕೆಯವರು ಸುದ್ದಿ ಕಳಿಸೋದಕ್ಕೂ ಫೈಲಿಂಗ್ ಅಂತಾರೆ, ಈಕೆ ಅದನ್ನ ಫೈಲ್ ಮಾಡಿ ಇಟ್ಕೋಬೇಕು ಅಂತ ತಿಳ್ಕೊಂಡಿರಬಹುದು ಅಂತ ಬರೆದವರಿದ್ದಾರೆ. ಅದೇ ಕಾರಣಾನೋ ಏನೋ, ತಪ್ಪಂತೂ ತಪ್ಪೇ.

ಆದ್ರೆ ಸಿಕ್ಕಿಬಿದ್ದ ಮೇಲೆ ಏನಾಯ್ತು ನೋಡಿ. ದುಡ್ಡಿನಾಸೆಗೆ ಯಾರೋ ಮನೆ ತೋರಿಸಿಕೊಟ್ರು. 84 ಅವೆನ್ಯೂ ಫೋಷ್ ಅಂತ, ಜರ್ಮನ್ ಭದ್ರತಾ ಪೊಲೀಸರ ಕಚೇರಿ, ಅಲ್ಲಿಗೆ ಕರ್ಕೊಂಡು ಹೋದ ದಿನಾನೇ ಸ್ನಾನದಮನೆ ಕಿಟಕಿಯಿಂದ ಛಾವಣಿಗೆ ಹತ್ತಿದ್ಳು. ಹಿಡಿದು ತಂದ್ರು. ನವೆಂಬರ್ ಕೊನೇಲಿ ಜಾನ್ ಸ್ಟಾರ್, ಲಿಯಾನ್ ಫಾಯೆ ಅನ್ನೋ ಇನ್ನಿಬ್ಬರು ಕೈದಿಗಳ ಜೊತೆ ಸ್ಕ್ರೂಡ್ರೈವರಲ್ಲಿ ಮಾಡಿನ ಕಿಟಕಿ ಸರಳು ಬಿಚ್ಚಿ ಮತ್ತೆ ಛಾವಣಿಗೆ ಹೋದ್ಳು. ಆ ಹೊತ್ತಿಗೇ ವಿಮಾನದಾಳಿ ಸೈರನ್ ಆಯ್ತು, ಸೈರನ್ ಆದ್ರೆ ಕೈದಿಗಳ ಕೋಣೆ ಚೆಕ್ ಮಾಡೋದು ಅಲ್ಲಿ ರೂಢಿ, ಹಾಗಾಗಿ ಸಿಕ್ಕಿಬಿದ್ರು. ಇನ್ಮೇಲೆ ಓಡಲ್ಲ ಅಂತ ಬರ್ಕೊಡಿ ಅಂದಾಗ ಸ್ಟಾರ್ ಒಪ್ಪಿದ್ರು, ಫಾಯೆ ಮತ್ತೆ ನೂರ್ ಒಪ್ಪಲಿಲ್ಲ. ಮಾರನೇ ದಿನಗಳಲ್ಲೇ ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿಗೆ ಕಳಿಸಿದ್ರು, ಹತ್ತು ತಿಂಗಳು, ಕೈಕಾಲಿಗೆ ಸರಪಳಿ ಹಾಕಿ ಒಂಟಿ ಕೋಣೇಲಿ. ಸುಳ್ಳು ಹೇಳೋಕೆ ಬರಲ್ಲ ಅಂದ್ರಲ್ಲ, ಆ ಕಚೇರಿಯ ಮುಖ್ಯಸ್ಥ ಹಾನ್ಸ್ ಕೀಫರ್ ಯುದ್ಧ ಮುಗಿದ ಮೇಲೆ ಕೊಟ್ಟ ಹೇಳಿಕೆ ಪ್ರಕಾರ ಆಕೆ ಬಾಯಿಂದ ಅವರಿಗೆ ಏನೂ ಸಿಗಲಿಲ್ಲ, ಹೇಳಿದ್ದೆಲ್ಲ ಸುಳ್ಳೇ.

ಹ್ಯಾಮ್_ಶಿವಮೊಗ್ಗ
ಸಾಧನಕೇರಿ ಸರ್, ನೋಟ್‌ಬುಕ್ ಒಂದರಿಂದಲೇ ಎಲ್ಲ ಆಯ್ತು ಅನ್ನೋದನ್ನ ನಾನು ಒಪ್ಪಲ್ಲ, ಯಾಕೆ ಅಂತ ಸ್ವಲ್ಪ ಉದ್ದ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರತಿ ಆಪರೇಟರಿಗೂ ಸೆಕ್ಯುರಿಟಿ ಚೆಕ್ ಅಂತ ಒಂದು ಗುಟ್ಟು ಕೊಟ್ಟಿರ್ತಿದ್ರು. ಉದಾಹರಣೆಗೆ ಇಷ್ಟನೇ ಅಕ್ಷರ ಬೇಕಂತಲೇ ತಪ್ಪು ಬರೀಬೇಕು. ಆ ತಪ್ಪು ಇದ್ರೆ ನಾನು ಕ್ಷೇಮ, ಇಲ್ದೇ ಹೋದ್ರೆ ಜರ್ಮನ್ ನನ್ನ ತಲೆಗೆ ಪಿಸ್ತೂಲಿಟ್ಟಿದ್ದಾನೆ ಅಂತ ಅರ್ಥ. ಅದರಲ್ಲೂ ಎರಡು, ಹೊಡೆತ ತಾಳಲಾರದೆ ಬಾಯಿಬಿಡೋಕೆ ಒಂದು, ಸತ್ರೂ ಹೇಳ್ದೇ ಇರೋಕೆ ಇನ್ನೊಂದು. ಎಷ್ಟು ಯೋಚನೆ ಮಾಡಿ ಕಟ್ಟಿದ ವ್ಯವಸ್ಥೆ ನೋಡಿ. ಈಗ ಪ್ರಾಸ್ಪರ್ ಜಾಲದ ಆಪರೇಟರ್ ಗಿಲ್ಬರ್ಟ್ ನಾರ್ಮನ್ ಕಥೆ ಕೇಳಿ. ಸಿಕ್ಕಿಬಿದ್ದ ಮೇಲೆ ಅವರ ಹೆಸರಲ್ಲಿ ಹೋದ ಸಂದೇಶದಲ್ಲಿ ಎರಡನೇ ಚೆಕ್ ಇರಲಿಲ್ಲ. ಲಂಡನ್ನಿಂದ ಉತ್ತರ ಬಂತು: ನಿಜವಾದ ಚೆಕ್ ಹಾಕೋದು ಮರೆತಿದೀಯ, ಮುಂದಿನ ಸಲ ಹುಷಾರಾಗಿರು! ಆ ಉತ್ತರಾನ ಜರ್ಮನ್ನರು ಅವರ ಮುಂದೇನೇ ಹಿಡಿದ್ರು. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ ನಿಜವಾಗ್ಲೂ.

ಹಾಲೆಂಡಲ್ಲಿ ಇನ್ನೂ ಘೋರ. 1942ರ ಮಾರ್ಚಲ್ಲಿ ಹೇಗ್ ನಗರದಲ್ಲಿ ಲೌವರ್ಸ್ ಅನ್ನೋ ಡಚ್ ಆಪರೇಟರ್ ಸಿಕ್ಕಿಬಿದ್ರು. ಜರ್ಮನ್ನರು ಹೇಳಿದಂಗೆ ಕಳಿಸಿದ್ರು, ಚೆಕ್ ಮಾತ್ರ ಬಿಟ್ಟೇ ಕಳಿಸಿದ್ರು, ಸಲ ಸಲಾನೂ ಬಿಟ್ರು. ಲಂಡನ್ ಗಮನಿಸಲೇ ಇಲ್ಲ, ಏಜೆಂಟರನ್ನ ಒಬ್ಬರ ಹಿಂದೆ ಒಬ್ಬರಂಗೆ ಇಳಿಸ್ತಾ ಹೋದ್ರು, ಕೆಳಗೆ ಕಾಯ್ತಾ ಇದ್ದವರು ಜರ್ಮನ್ನರೇ. 50ಕ್ಕೂ ಹೆಚ್ಚು ಜನ ಹೀಗೆ ಹೋದ್ರು. ಅವರಲ್ಲಿ ಇಬ್ಬರು, ಡೂರ್ಲೈನ್ ಮತ್ತೆ ಉಬ್ಬಿಂಕ್, 1943ರಲ್ಲಿ ಜೈಲಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡ್ ಮುಟ್ಟಿ ಸುದ್ದಿ ಹೇಳಿದ್ರು. ಅಷ್ಟರಲ್ಲಿ ಜರ್ಮನ್ನರು ಅದೇ ರೇಡಿಯೋದಲ್ಲಿ ಇವರಿಬ್ಬರು ಗೆಸ್ಟಾಪೋ, ಅಂದ್ರೆ ನಾಜಿಗಳ ಗುಪ್ತ ಪೊಲೀಸರ ಕಡೆ ಸೇರಿದ್ದಾರೆ ಅಂತ ಕಳಿಸಿಬಿಟ್ಟಿದ್ರು. ಇಂಗ್ಲೆಂಡಿಗೆ ಬಂದವರನ್ನ ಇಂಗ್ಲೆಂಡಲ್ಲೇ ಜೈಲಿಗೆ ಹಾಕಿದ್ರು. ಕೋಡ್ ವಿಭಾಗದ ಲಿಯೋ ಮಾರ್ಕ್ಸ್ ಅನ್ನೋ ಇಪ್ಪತ್ತರ ಆಸುಪಾಸಿನ ಹುಡುಗ, ಹಾಲೆಂಡಿಂದ ಬರೋ ಸಂದೇಶಗಳಲ್ಲಿ ತಪ್ಪೇ ಇರಲ್ಲವಲ್ಲ, ಓಡ್ತಾ ಬಚ್ಚಿಟ್ಟುಕೊಳ್ತಾ ಕಳ್ಸೋ ಮನುಷ್ಯ ಒಂದಾದ್ರೂ ತಪ್ಪು ಮಾಡ್ಬೇಕಲ್ಲ ಅಂತ ಬಡ್ಕೊಂಡ. ದೊಡ್ಡವರು ಕೇಳ್ಬೇಕಲ್ಲ.

ಅಂಚೆಮನೆ_ವಿಶಾಲು
ಹ್ಯಾಮ್ ಅಣ್ಣ ಹೇಳಿದ್ದು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮಪ್ಪ ತಾರ್ ಆಫೀಸಲ್ಲಿದ್ರು, ಹಾಸನದ ಕಡೆ. ಮಧ್ಯಾಹ್ನ ಊಟದ ಡಬ್ಬಿ ತಗೊಂಡು ಹೋಗ್ತಿದ್ದೆ, ಗೋಡೆ ಪಕ್ಕ ಬೆಂಚಿನ ಮೇಲೆ ಕೂರಿಸ್ತಿದ್ರು. ಕಟ್ಟ ಕಡ ಅಂತ ಶುರು ಆಗಿ ನಾಲ್ಕು ಅಕ್ಷರ ಬರೋಷ್ಟರಲ್ಲಿ ಅಪ್ಪ "ಇವತ್ತು ಅರಸೀಕೆರೇಲಿ ರಾಯರು ರಜ, ಹೊಸ ಹುಡುಗ ಕೂತಿದ್ದಾನೆ" ಅನ್ನೋರು. ಒಬ್ಬೊಬ್ಬರ ಕೈ ಒಂದೊಂದು ಥರ, ಅಡುಗೆ ರುಚಿ ಇದ್ದಂಗೆ. ನೂರ್ ಕೈಬೆರಳು ಚಳಿಗೆ ಊದ್ಕೊಳ್ತಿದ್ವು, ಅದಕ್ಕೇ ಅವಳ ಬಡಿತ ಭಾರ ಅಂತ ಓದಿದೀನಿ. ಅಂಥ ಗುರುತಿರೋ ಕೈ, ಅವಳು ಸಿಕ್ಕಿಬಿದ್ದ ಮೇಲೆ ಜರ್ಮನ್ನರೇ ಅವಳ ಸೆಟ್ಟಿಂದ ಕಳಿಸೋಕೆ ಶುರು ಮಾಡಿ ಅದು ಬದಲಾದಾಗ ಕೂತು ಕೇಳ್ತಿದ್ದವರಿಗೆ ಒಂಚೂರೂ ಕಸಿವಿಸಿ ಆಗ್ಲಿಲ್ವಾ ಅಂತ ನನಗೆ. ಆಗಿದ್ರೂ ಮೇಲಿನವರು ಕಿವಿಗೆ ಹಾಕ್ಕೊಳ್ಲಿಲ್ಲ ಅನ್ಸುತ್ತೆ.

ಎಚ್ಚರಿಕೆ ಬಂದಿರಲಿಲ್ಲ ಅಂತೇನಿಲ್ಲ. ಸೋನಿಯಾ ಓಲ್ಷಾನೆಸ್ಕಿ ಅಂತ ಪ್ಯಾರಿಸಲ್ಲೇ ಇದ್ದ ಹುಡುಗಿ, ನೃತ್ಯ ಮಾಡ್ತಿದ್ದವಳು, ಪ್ರತಿರೋಧದವರಿಗೆ ಸುದ್ದಿ ಮುಟ್ಟಿಸ್ತಿದ್ಳು. ಅವಳು ಸ್ವಿಟ್ಜರ್ಲೆಂಡಿನ ಬರ್ನ್ ಮೂಲಕ "ಮೆಡಲೀನ್ ಆಸ್ಪತ್ರೇಲಿದ್ದಾಳೆ" ಅಂತ ಲಂಡನ್ನಿಗೆ ಮುಟ್ಟಿಸಿದ್ಳು. ಮೆಡಲೀನ್ ಅಂದ್ರೆ ನೂರ್‌ಳ ಗುಪ್ತ ಹೆಸರು, ಆಸ್ಪತ್ರೆ ಅಂದ್ರೆ ಸಿಕ್ಕಿಬಿದ್ದಿದ್ದಾಳೆ ಅಂತ. ಈ ಸೋನಿಯಾ ಯಾರೋ ನಮಗೆ ಗೊತ್ತಿಲ್ಲ ಅಂತ ಪಕ್ಕಕ್ಕಿಟ್ರು.

ಓಸ್ಲೋ_ಮಲೆನಾಡಿಗ
ನಮಸ್ಕಾರ, ನಾನು ಏಳು ವರ್ಷದಿಂದ ನಾರ್ವೆಯಲ್ಲಿದೀನಿ. ಎಸ್‌ಒಇ ಅಂದ್ರೆ ಬರೀ ಇಂಥದ್ದೇ ಅಂತ ಆಗೋದು ಬೇಡ, ಅದಕ್ಕೆ ಇಲ್ಲಿನದನ್ನೂ ಹೇಳ್ತೀನಿ. ಕಳೆದ ಬೇಸಿಗೇಲಿ ರ್ಯೂಕನ್ ಹತ್ರ ವೆಮೋರ್ಕ್‌ಗೆ ಹೋಗಿದ್ವಿ, ಆಗ ಅದು ಕಾರ್ಖಾನೆ, ಈಗ ಮ್ಯೂಸಿಯಂ. ಕಣಿವೆ ಮೇಲೆ ತೂಗುಸೇತುವೆ, ಕೆಳಗೆ ನೋಡಿದ್ರೆ ತಲೆ ತಿರುಗುತ್ತೆ. ಜರ್ಮನ್ನರು ಅಣುಬಾಂಬಿನ ಸಂಶೋಧನೆಗೆ ಬೇಕಾದ ಭಾರಜಲ ಇಲ್ಲಿಂದ ತಗೊಂಡು ಹೋಗ್ತಿದ್ರು.

1942ರ ಅಕ್ಟೋಬರಲ್ಲಿ ನಾಲ್ಕು ಜನ ನಾರ್ವೆ ಹುಡುಗರನ್ನ ಹಾರ್ಡಂಗರ್ ಬೆಟ್ಟದ ಬಯಲಲ್ಲಿ ಇಳಿಸಿದ್ರು. ಅವರ ಸಹಾಯಕ್ಕೆ ನವೆಂಬರಲ್ಲಿ ಗ್ಲೈಡರಲ್ಲಿ ಬಂದ ಬ್ರಿಟಿಷ್ ಸೈನಿಕರು ಹವಾಮಾನ ಕೆಟ್ಟು ಅಪ್ಪಳಿಸಿ ಬಿದ್ರು, ಬದುಕುಳಿದವರನ್ನ ಜರ್ಮನ್ನರು ಕೊಂದ್ರು, ಒಟ್ಟು 41 ಜನ. ಈ ನಾಲ್ವರು ಮಾತ್ರ ಆ ಹಿಮದಲ್ಲಿ ಪಾಚಿ ಬೇಯಿಸಿ ತಿಂದ್ಕೊಂಡು ಕಾದ್ರು, ಕ್ರಿಸ್‌ಮಸ್ ಹೊತ್ತಿಗೆ ಹಿಮಸಾರಂಗ ಒಂದು ಸಿಕ್ತು, ಅದರ ಹೊಟ್ಟೇಲಿ ಅರ್ಧ ಜೀರ್ಣ ಆಗಿದ್ದ ಸೊಪ್ಪನ್ನೂ ಬಿಡದೆ ತಿಂದ್ರು. ಫೆಬ್ರವರೀಲಿ ಯೋಆಕಿಮ್ ರೋನೆಬರ್ಗ್ ಜೊತೆ ಇನ್ನೂ ಐದು ಜನ ಇಳಿದ್ರು. 27ರ ರಾತ್ರಿ ಕಾವಲಿರೋ ಸೇತುವೆ ಬಿಟ್ಟು ಕಣಿವೆ ಇಳಿದು, ಹೆಪ್ಪುಗಟ್ಟಿದ ಹೊಳೆ ದಾಟಿ, ಆಚೆ ಬಂಡೆ ಹತ್ತಿ ಒಳಗೆ ಹೋದ್ರು. ರೋನೆಬರ್ಗ್ ಕೇಬಲ್ ಹಾಯಿಸೋ ಕಿಂಡೀಲಿ ತೆವಳಿ ನೆಲಮಾಳಿಗೆ ಸೇರಿದ್ರು. ಅಲ್ಲಿದ್ದ ನಾರ್ವೆಯವನೇ ಆದ ಕಾವಲುಗಾರ, ಬಾಂಬ್ ಹಚ್ಚೋ ಹೊತ್ತಿಗೆ, ಒಂದ್ನಿಮಿಷ ತಡೀರಿ ನನ್ನ ಕನ್ನಡಕ ಸಿಗ್ತಿಲ್ಲ, ಯುದ್ಧಕಾಲದಲ್ಲಿ ಇನ್ನೊಂದು ಮಾಡಿಸೋಕಾಗಲ್ಲ ಅಂದ. ಹುಡುಕಿ ಕೊಟ್ರು. ಆಮೇಲೆ ಬತ್ತಿ ಹಚ್ಚಿದ್ರು. ಭಾರಜಲ ತಯಾರಾಗೋ 18 ಸೆಲ್ಲು ಒಡೆದು ಸುಮಾರು 500 ಕೆಜಿ ಭಾರಜಲ ಚರಂಡಿ ಪಾಲು, ಒಂದು ಗುಂಡು ಹಾರಲಿಲ್ಲ. ಐವರು 400 ಕಿಮೀ ಹತ್ರ ಸ್ಕೀ ಮಾಡಿ ಸ್ವೀಡನ್ ಸೇರಿದ್ರು. ಊರಿನವರ ಮೇಲೆ ಜರ್ಮನ್ನರು ಸೇಡು ತೀರಿಸ್ಕೊಳ್ಳದೆ ಇರಲಿ, ಇದು ಬ್ರಿಟಿಷ್ ಸೇನೆ ಕೆಲಸ ಅಂತ ಗೊತ್ತಾಗಲಿ ಅಂತ ಟಾಮಿ ಗನ್ ಒಂದನ್ನ ಬೇಕಂತಲೇ ಅಲ್ಲಿ ಬಿಟ್ಟು ಬಂದಿದ್ರು. ಆ ನೆಲಮಾಳಿಗೇಲಿ ನಿಂತಾಗ ನನಗೆ ನೆನಪಾಗಿದ್ದು ಆ ಕನ್ನಡಕ.

ಧಾರವಾಡ_ಸಾಧನಕೇರಿ
ತಮ್ಮಾ, ಭಾಳ ಛಲೋ ಬರದಿ. ಆದ್ರ ಅದು ಅಲ್ಲಿಗೇ ಮುಗೀಲಿಲ್ಲಲ್ಲ? ಹಡಗ ಮುಳಗಿಸಿದ್ದು ಹೇಳ್ಲಿಲ್ಲ ನೀ.

ಓಸ್ಲೋ_ಮಲೆನಾಡಿಗ
ಹೌದು ಸರ್, ಹೇಳ್ಬೇಕು. ಜರ್ಮನ್ನರು ರಿಪೇರಿ ಮಾಡ್ಕೊಂಡ್ರು, ನವೆಂಬರಲ್ಲಿ ಅಮೆರಿಕದ ವಿಮಾನಗಳು ಬಾಂಬ್ ಹಾಕಿದಾಗ 20ಕ್ಕೂ ಹೆಚ್ಚು ಊರಿನವರೇ ಸತ್ರು. ಉಳಿದ ಭಾರಜಲಾನ ಜರ್ಮನಿಗೆ ಸಾಗಿಸೋಕೆ ಹೊರಟಾಗ, 1944ರ ಫೆಬ್ರವರಿ 20, ಟಿನ್ ಸರೋವರದ ಫೆರಿಗೆ ಕ್ನೂಟ್ ಹೌಕೆಲಿಡ್ ಮತ್ತೆ ಜೊತೆಯವರು ಅಲಾರಂ ಗಡಿಯಾರ ಕಟ್ಟಿದ ಬಾಂಬ್ ಇಟ್ರು. ಜನ ಕಡಿಮೆ ಇರ್ತಾರೆ ಅಂತ ಭಾನುವಾರ ಆರಿಸ್ಕೊಂಡಿದ್ರು, ಆದ್ರೂ 14 ಜನ ನಾರ್ವೆಯವರು ಮುಳುಗಿ ಸತ್ರು. ಅದಕ್ಕೂ ಮುಂಚೆ ಹೌಕೆಲಿಡ್, ಇಷ್ಟು ಜೀವ ಹೋಗೋಷ್ಟು ಮುಖ್ಯಾನಾ ಅಂತ ಲಂಡನ್ನಿಗೆ ಕೇಳಿಸಿದ್ರು, ಮುಖ್ಯ ಅಂತ ಉತ್ತರ ಬಂತು. ಜರ್ಮನ್ನರು ಬಾಂಬಿನ ಹತ್ತಿರಕ್ಕೂ ಬಂದಿರಲಿಲ್ಲ ಅಂತ ಯುದ್ಧ ಮುಗಿದ ಮೇಲೆ ತಿಳೀತು. ಇಲ್ಲಿ ನನ್ನ ಜೊತೆ ಕೆಲಸ ಮಾಡೋ ಆ ಕಡೆಯವರ ಹತ್ರ ಈ ಮಾತೆತ್ತಿದ್ರೆ ಸುಮ್ಮನಾಗಿಬಿಡ್ತಾರೆ.

ಅಂಚೆಮನೆ_ವಿಶಾಲು
ಹೌಕೆಲಿಡ್ ಕೇಳಿದ್ರು, ಉತ್ತರ ಬಂತು. ಸೋನಿಯಾ ಹೇಳಿದ್ಳು, ಯಾರೂ ಕೇಳ್ಲಿಲ್ಲ. ಮುಂದಿನದನ್ನ ಬರೆಯೋಕೆ ಕೈ ಬರಲ್ಲ, ಆದ್ರೂ ಬರೀತೀನಿ. ಯುದ್ಧ ಮುಗಿದ ಮೇಲೆ ಎಸ್‌ಒಇಯ ವೆರಾ ಅಟ್ಕಿನ್ಸ್ ತಾವು ಕಳಿಸಿದವರು ಏನಾದ್ರು ಅಂತ ಜರ್ಮನಿಯ ಜೈಲು ಕ್ಯಾಂಪು ಎಲ್ಲ ತಿರುಗಿ ಹುಡುಕಿದ್ರು. ನಾಟ್ಸ್‌ವೈಲರ್ ಕ್ಯಾಂಪಲ್ಲಿ 1944ರ ಜುಲೈ 6ರಂದು ಕೊಂದ ನಾಲ್ವರು ಹೆಂಗಸರಲ್ಲಿ ಒಬ್ಬಳು ನೂರ್ ಅಂತ ಮೊದಲು ತೀರ್ಮಾನ ಆಯ್ತು, ಮನೆಯವರಿಗೂ ಹಾಗೇ ತಿಳಿಸಿದ್ರು. ಅದು ನೂರ್ ಅಲ್ಲ. ಅದು ಸೋನಿಯಾ. ಬದುಕಿದ್ದಾಗ ಯಾರೋ ಗೊತ್ತಿಲ್ಲ ಅಂದಿದ್ರಲ್ಲ, ಸತ್ತ ಮೇಲೂ ಗುರುತು ಹಿಡೀಲಿಲ್ಲ.

ನೂರ್ ಎಲ್ಲಿದ್ಳು ಅಂತ ಗೊತ್ತಾಗೋಕೆ ಸಹಾಯ ಆಗಿದ್ದು ಊಟದ ಮಗ್ಗು. ಫೋರ್ಟ್ಸ್‌ಹೈಮಲ್ಲಿ ಯಾರ ಜೊತೆಗೂ ಮಾತಾಡೋ ಹಾಗಿರಲಿಲ್ಲ. ಮಗ್ಗಿನ ತಳದಲ್ಲಿ ಕೆರೆದು ಬರೆದ್ಳು, ಮಗ್ಗುಗಳು ಕೋಣೆಯಿಂದ ಕೋಣೆಗೆ ಬದಲಾಗ್ತಾ ಇರ್ತಿದ್ವಲ್ಲ, ಪಕ್ಕದ ಫ್ರೆಂಚ್ ಕೈದಿ ಹೆಂಗಸರು ಓದಿದ್ರು. ನೋರಾ ಬೇಕರ್, 4 ಟ್ಯಾವಿಟನ್ ಸ್ಟ್ರೀಟ್, ಲಂಡನ್. ವಾಯುಪಡೆಗೆ ಸೇರುವಾಗ ಕೊಟ್ಟ ಹೆಸರು, ಅಮ್ಮ ಇದ್ದ ಮನೆ.

ಹ್ಯಾಮ್_ಶಿವಮೊಗ್ಗ
ಅಕ್ಕಾ, ಇದಕ್ಕೆ ಇನ್ನೊಂದು ಸೇರಿಸ್ತೀನಿ. ನೂರ್ ಸಿಕ್ಕಿಬಿದ್ದ ಮೇಲೆ ಅವಳ ಸೆಟ್ಟಿಂದ ಜರ್ಮನ್ನರು ತಿಂಗಳುಗಟ್ಟಲೆ ಕಳಿಸ್ತಾ ಇದ್ರು. ಅದನ್ನ ನಂಬಿ 1944ರ ಫೆಬ್ರವರಿ ಕೊನೇ ರಾತ್ರಿಗಳಲ್ಲಿ ಶಾರ್ತ್ರ್ ಹತ್ರ ಮೂವರನ್ನ ಇಳಿಸಿದ್ರು, ಫ್ರಾನ್ಸ್ ಆಂಟೆಲ್ಮ್, ಲಯೊನೆಲ್ ಲೀ, ಮೆಡಲೀನ್ ಡಮೆರ್ಮಾ. ಕೆಳಗೆ ಕಾಯ್ತಿದ್ದಿದ್ದು ಗೆಸ್ಟಾಪೋ. ಸೆಪ್ಟೆಂಬರ್ 13ರ ಬೆಳಗ್ಗೆ ಡಾಖಾವ್ ಕ್ಯಾಂಪಲ್ಲಿ ನೂರ್ ಜೊತೆ ಗುಂಡಿಟ್ಟು ಕೊಂದ ಮೂವರಲ್ಲಿ ಒಬ್ಬಳು ಈ ಡಮೆರ್ಮಾ. ತನ್ನ ರೇಡಿಯೋ ಹೆಸರಲ್ಲಿ ಕರೆಸಿಕೊಂಡವಳು ತನ್ನ ಪಕ್ಕದಲ್ಲೇ ಇದ್ದಾಳೆ ಅಂತ ನೂರ್‌ಗೆ ಗೊತ್ತಿತ್ತೋ ಇಲ್ವೋ. ಗೊತ್ತಿರದೇ ಇರಲಿ ಅಂತ ನಾನು ಬೇಡ್ಕೊಳ್ತೀನಿ.

ಧಾರವಾಡ_ಸಾಧನಕೇರಿ
ಇದು ನನಗ ಗೊತ್ತಿದ್ದಿಲ್ಲರೀ. ನೋಟ್‌ಬುಕ್ಕಿನ ಮಾತು ನಾ ಹಿಂದ ತಗೊಳ್ಳೂದಿಲ್ಲ, ಆದ್ರ ಅದನ್ನ ಮೊದಲಿನ ತಪ್ಪು ಅಂತ ಹೇಳಿದ್ದೆ ನೋಡ್ರಿ, ಅದು ಸರಿಯಲ್ಲ. ಕೇಳೂ ಜಾಗಾದಾಗ ಕುಂತವರು ಕೇಳ್ಲಿಲ್ಲ. ಕಳಸಬಾರದಿತ್ತು ಅನ್ನೂದಕ್ಕ ಮಾತ್ರ ನಾ ಇನ್ನೂ ಅಂಟಕೊಂಡೀನಿ.

ಕೆರೆಏರಿ
ನೀವು ಅಂಟ್ಕೊಳ್ಳಿ ಸರ್, ನಾನೂ ಪೂರ್ತಿ ಆ ಕಡೆ ಬರೋಕಾಗ್ತಿಲ್ಲ. ಹೋಗ್ತೀನಿ ಅಂದವಳು ಅವಳೇ, ಬಾ ಅಂದಾಗ ಬರದೆ ಇದ್ದವಳೂ ಅವಳೇ. ಮುಂಚೆ ಅಧಿಕಾರಿಗಳ ಸಂದರ್ಶನದಲ್ಲಿ, ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪರ ನಿಲ್ತೀನಿ ಅಂತ ಮುಚ್ಚುಮರೆ ಇಲ್ದೆ ಹೇಳಿದ್ದಳಂತೆ. ಅಂಥವಳ ಆಯ್ಕೆಯನ್ನ ನಾವು ಕಿತ್ಕೊಳ್ಳೋದು ಹೇಗೆ.

ಗೋಡೆಪತ್ರಿಕೆ ಹೊಸದಾಗಿ ಬರೆಸ್ತಿದೀನಿ. ಮಧ್ಯದಲ್ಲಿ ವೀಣೆಯ ಫೋಟೋ. ಒಂದು ಬದಿ ಮೌಲಾ ಬಕ್ಷರಿಂದ ನೂರ್ ತನಕ ವಂಶಾವಳಿ, ಇನ್ನೊಂದು ಬದಿ ಸೆಕ್ಯುರಿಟಿ ಚೆಕ್ ಹೇಗೆ ಅಂತ, ಅದನ್ನ ಮಕ್ಕಳೇ ಕನ್ನಡದಲ್ಲಿ ಮಾಡಿ ತೋರಿಸ್ತಾರೆ: ಪ್ರತಿ ಸಾಲಿನ ಆರನೇ ಅಕ್ಷರ ತಪ್ಪಿರಬೇಕು, ಇಲ್ದಿದ್ರೆ ಚೀಟಿ ನಂಬಬಾರದು. ಸೋನಿಯಾ ಹೆಸರೂ ಹಾಕಿಸ್ತೀನಿ ವಿಶಾಲು ಅಕ್ಕ.

ಮೈಸೂರು_ಸಂತೇಪೇಟೆ
ಸರ್, ನಮ್ಮ ಅಕ್ಕನ ಮಗಳು ಲಂಡನ್ನಲ್ಲಿ ಓದ್ತಿದ್ದಾಳೆ. ಗಾರ್ಡನ್ ಸ್ಕ್ವೇರ್ ಪಾರ್ಕಲ್ಲಿ 2012ರಲ್ಲಿ ನಿಲ್ಲಿಸಿದ ನೂರ್ ಪುತ್ಥಳಿ ಇದೆ, ಟ್ಯಾವಿಟನ್ ಸ್ಟ್ರೀಟಿನ ಆ 4ನೇ ನಂಬರ್ ಮನೆ ಪಕ್ಕದಲ್ಲೇ, ಗೋಡೆ ಮೇಲೆ 2020ರಿಂದ ನೀಲಿ ಫಲಕ ಇದೆ. ಶನಿವಾರ ಹೋಗಿ ಎರಡರ ಫೋಟೋ ತೆಗೆದು ಕಳಿಸ್ತೀನಿ ಅಂದಿದ್ದಾಳೆ. ಗೋಡೆಪತ್ರಿಕೆ ಹಚ್ಚೋದು ಯಾವತ್ತು ಸರ್, ಸೋಮವಾರದ ತನಕ ಕಾಯೋಕಾಗುತ್ತಾ?

ಕೆರೆಏರಿ
ಕಾಯ್ತೀವಿ. ಬಾಗಿಲ ನಂಬರ್ ಕಾಣೋ ಹಾಗೆ ತೆಗೆಯೋಕೆ ಹೇಳಿ.